ಬೀದಿ ಯಾರದು?

ಸೈಕಲ್ ತುಳಿದು ದುಡಿಯುವವರ ಪರವಾಗಿ ನಾಲ್ಕು ಮಾತು

ದಾವಣಗೆರೆಯ ಬೀದಿಗಳನ್ನು ಬೆಳಗಿನ ಜಾವ ಎಬ್ಬಿಸುವುದು ಮೋಟಾರು ಕಾರಲ್ಲ, ಸೈಕಲ್ಲು. ಹಾಲಿನ ಕ್ಯಾನು ತೂಗುಹಾಕಿಕೊಂಡವನು ಸೈಕಲ್ಲಿನಲ್ಲಿ ಬರುತ್ತಾನೆ. ಪತ್ರಿಕೆ ಹಂಚುವ ಹುಡುಗ ಸೈಕಲ್ಲಿನಲ್ಲಿ ಬರುತ್ತಾನೆ. ಅವಲಕ್ಕಿ ಗಿರಣಿಯ ಪಾಳಿ ಮುಗಿಸಿದವನು, ಮಂಡಕ್ಕಿ ಭಟ್ಟಿಗೆ ಹೊರಟವನು, ಮಂಡಿಪೇಟೆಯಲ್ಲಿ ಮೂಟೆ ಹೊರುವವನು, ಕರಣಿ ತೂಕಗುಂಡು ಚೀಲದಲ್ಲಿಟ್ಟುಕೊಂಡ ಗಾರೆಯವನು, ಹಿಂದಿನ ಕ್ಯಾರಿಯರಿಗೆ ಬುಟ್ಟಿ ಬಿಗಿದ ಸೊಪ್ಪಿನವನು, ಇವರೆಲ್ಲ ಊರಿನ ಬಾಗಿಲು ತೆರೆಯುವವರು. ಸಾಹೇಬರು ಕಾಫಿ ಕುಡಿದು ಕಾರಿನ ಬೀಗ ತೆಗೆಯುವ ಹೊತ್ತಿಗೆ ಇವರ ಅರ್ಧ ದಿನದ ದುಡಿಮೆ ಮುಗಿದಿರುತ್ತದೆ.

ಆದರೆ ಇದೇ ಜನ ಹತ್ತು ಗಂಟೆಯ ಮೇಲೆ ಅದೇ ಬೀದಿಯಲ್ಲಿ ಕಳ್ಳರ ಹಾಗೆ ಅಂಚಿನಲ್ಲಿ ಹೋಗಬೇಕು. ಎಡಗಡೆ ನಿಲ್ಲಿಸಿದ ಕಾರಿನ ಸಾಲು, ಬಲಗಡೆ ಹಾರನ್ ಹೊಡೆಯುತ್ತ ಮೈಮೇಲೆ ಬರುವ ಲಾರಿ, ನಡುವೆ ಒಂದು ಮೊಳ ಜಾಗ. ಆ ಒಂದು ಮೊಳದಲ್ಲೇ ಚರಂಡಿಯ ಮುರಿದ ಮುಚ್ಚಳ, ಜಲ್ಲಿಯ ಗುಡ್ಡೆ, ಕೇಬಲ್ಲಿಗಾಗಿ ಅಗೆದು ಮುಚ್ಚದೆ ಬಿಟ್ಟ ಗುಂಡಿ. ಬಿದ್ದರೆ "ಸೈಕಲ್ಲಿನವನಿಗೆ ಕಣ್ಣಿಲ್ಲವೇ?" ಎಂಬ ಬೈಗುಳ. ಸತ್ತರೆ ಪತ್ರಿಕೆಯ ಮೂಲೆಯಲ್ಲಿ ಎರಡು ಸಾಲು.

ಆದ್ದರಿಂದ ನಾವು ನೇರವಾಗಿ ಕೇಳುತ್ತೇವೆ: ಬೀದಿ ಯಾರದು? ತೆರಿಗೆ ಕೊಡುವ ಎಲ್ಲರದೋ, ಅಥವಾ ಪೆಟ್ರೋಲು ಸುಡುವವರದು ಮಾತ್ರವೋ?

ಸೈಕಲ್ ದಾರಿಯ ಮಾತೆತ್ತಿದ ಕೂಡಲೆ ಕೆಲವರು ನಗುತ್ತಾರೆ. ಇದು ಬೆಂಗಳೂರಿನ ಕಂಪನಿ ನೌಕರರ ಭಾನುವಾರದ ಶೋಕಿ, ಬಣ್ಣದ ಟೊಪ್ಪಿಗೆ ಹಾಕಿಕೊಂಡು ಬೊಜ್ಜು ಕರಗಿಸುವವರ ಆಟ, ದುಡಿಯುವ ಜನರಿಗೆ ಇದರಿಂದೇನು ಎನ್ನುತ್ತಾರೆ. ಈ ನಗೆಯನ್ನು ನಾವು ಒಪ್ಪುವುದಿಲ್ಲ. ಸೈಕಲ್ಲಿನ ಪ್ರಶ್ನೆ ಶೋಕಿಯ ಪ್ರಶ್ನೆಯಲ್ಲ, ಕೂಲಿಯ ಪ್ರಶ್ನೆ. ಶೋಕಿಯವರ ಕೈಗೆ ಅದನ್ನು ಬಿಟ್ಟುಕೊಟ್ಟಿರುವುದರಿಂದಲೇ ಅದು ಇನ್ನೂ ಬಗೆಹರಿಯದೆ ಕುಳಿತಿದೆ.

ಲೆಕ್ಕ ಏನು ಹೇಳುತ್ತದೆ?

ಸರಕಾರದ್ದೇ ಲೆಕ್ಕ ತೆಗೆಯೋಣ. 2011ರ ಜನಗಣತಿಯಲ್ಲಿ ದೇಶದ 100 ಮನೆಗಳ ಪೈಕಿ ಸುಮಾರು 45ರಲ್ಲಿ ಸೈಕಲ್ ಇತ್ತು. ಕಾರು ಇದ್ದದ್ದು 5ಕ್ಕೂ ಕಡಿಮೆ ಮನೆಗಳಲ್ಲಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಸೈಕಲ್ ಇದ್ದ ಮನೆಗಳು ಅರ್ಧದಷ್ಟಾದವು, ಕಾರಿದ್ದ ಮನೆಗಳು 100ಕ್ಕೆ 8ರ ಒಳಗೇ ಉಳಿದವು.

ಇನ್ನು ಕೆಲಸಕ್ಕೆ ಹೋಗುವವರ ಲೆಕ್ಕ. ಬೇಸಾಯ ಮತ್ತು ಗೃಹ ಕೈಗಾರಿಕೆಯನ್ನು ಬಿಟ್ಟು ಉಳಿದ ದುಡಿಮೆಗಾರರು ಕೆಲಸಕ್ಕೆ ಹೇಗೆ ಹೋಗುತ್ತಾರೆಂದು 2011ರ ಗಣತಿ ಕೇಳಿತ್ತು. 100ಕ್ಕೆ ಸುಮಾರು 13 ಮಂದಿ ಸೈಕಲ್ಲಿನಲ್ಲಿ ಹೋಗುತ್ತಿದ್ದರು. 22-23 ಮಂದಿ ನಡೆದುಕೊಂಡು ಹೋಗುತ್ತಿದ್ದರು. ಕಾರಿನಲ್ಲಿ ಹೋಗುತ್ತಿದ್ದವರು 3ಕ್ಕೂ ಕಡಿಮೆ. 100ರಲ್ಲಿ 35 ಮಂದಿ ಸ್ವಂತ ಕಾಲಿನ ಬಲದಿಂದ ಕೆಲಸಕ್ಕೆ ಹೋಗುತ್ತಿದ್ದ ದೇಶದಲ್ಲಿ ರಸ್ತೆಗಳನ್ನು ಕಟ್ಟಿದ್ದು ಆ 3 ಮಂದಿಯ ಅಳತೆಗೆ! ಅಗಲ ಅವರಿಗೆ, ಮೇಲ್ಸೇತುವೆ ಅವರಿಗೆ, ನಿಲ್ಲಿಸುವ ಜಾಗವೂ ಅವರಿಗೆ. 35 ಮಂದಿಗೆ ಚರಂಡಿಯ ಅಂಚು.

ಇದರ ಫಲವೇನು? 2022ರಲ್ಲಿ ಭಾರತದ ರಸ್ತೆಗಳ ಮೇಲೆ 1,68,491 ಜನ ಸತ್ತರೆಂದು ಕೇಂದ್ರ ಸಾರಿಗೆ ಇಲಾಖೆಯೇ ವರದಿ ಮಾಡಿದೆ. ಅವರಲ್ಲಿ 32,825 ಮಂದಿ ಪಾದಚಾರಿಗಳು, ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಸೈಕಲ್ ಸವಾರರು. ಎರಡನ್ನೂ ಕೂಡಿಸಿ ದಿನಗಳಿಗೆ ಹಂಚಿರಿ, ದಿನಕ್ಕೆ 100 ಹೆಣ. ಒಂದು ಗಿರಣಿಯಲ್ಲಿ ದಿನಕ್ಕೆ ಒಬ್ಬ ಕಾರ್ಮಿಕ ಯಂತ್ರಕ್ಕೆ ಸಿಕ್ಕಿ ಸತ್ತರೆ ನಾವು ಆ ಗಿರಣಿಯ ಬಾಗಿಲು ಮುಚ್ಚಿಸದೆ ಬಿಡುತ್ತಿದ್ದೆವೇ? ಬೀದಿಯಲ್ಲಿ ನೂರು ಮಂದಿ ಸತ್ತರೆ ಮಾತ್ರ ಅದು ಹಣೆಬರಹ!

ಭಯದ ತೆರಿಗೆ

"ಈಗ ಯಾರು ಸೈಕಲ್ ತುಳಿಯುತ್ತಾರೆ ಸ್ವಾಮಿ? ಎಲ್ಲರೂ ಸ್ಕೂಟರ್ ಕೊಂಡಿದ್ದಾರೆ" ಎನ್ನುವವರಿದ್ದಾರೆ. ಕೊಂಡಿದ್ದಾರೆ, ನಿಜ. ಏಕೆ ಕೊಂಡರು ಎಂದು ಯಾರಾದರೂ ಕೇಳಿದ್ದಾರೆಯೇ? ದೂರ ಹೋಗಬೇಕಾದವರು, ಭಾರ ಸಾಗಿಸಬೇಕಾದವರು, ವಯಸ್ಸಾದವರು ಕೊಂಡರೆ ಅದು ಅವರ ಅಗತ್ಯ, ಅದನ್ನು ಆಡಿಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಆದರೆ ಐದಾರು ಕಿಲೋಮೀಟರು ದೂರದ ಕೆಲಸಕ್ಕೆ ಸಾಲ ಮಾಡಿ ಸ್ಕೂಟರ್ ತಂದವರ ಪೈಕಿ ಎಷ್ಟೋ ಮಂದಿ ಅದನ್ನು ತಂದದ್ದು ಆಸೆಯಿಂದಲ್ಲ, ಹೆದರಿಕೆಯಿಂದ.

ಒಂದು ಸರಳ ಲೆಕ್ಕ ಹಾಕೋಣ. ಮನೆಯಿಂದ ಗಿರಣಿಗೆ 6 ಕಿಲೋಮೀಟರು. ಹೋಗಿ ಬರಲು 12. ತಿಂಗಳಿಗೆ 26 ದಿನವೆಂದರೆ 312 ಕಿಲೋಮೀಟರು. ಲೀಟರಿಗೆ 45 ಕಿಲೋಮೀಟರು ಓಡುವ ಗಾಡಿಗೆ 7 ಲೀಟರು ಪೆಟ್ರೋಲು ಬೇಕು. ಲೀಟರಿಗೆ 100 ರೂಪಾಯಿಯಂತೆ ಹಿಡಿದರೆ ತಿಂಗಳಿಗೆ 700, ವರ್ಷಕ್ಕೆ 8,400 ರೂಪಾಯಿ. ಆ ದುಡ್ಡಿಗೆ ವರ್ಷಕ್ಕೊಂದು ಸಾಧಾರಣ ಸೈಕಲ್ ಬರುತ್ತದೆ. ಅದರ ಮೇಲೆ ಸಾಲದ ಕಂತು, ವಿಮೆ, ಎಣ್ಣೆ, ರಿಪೇರಿ. ಕೂಲಿ ಹೆಚ್ಚಿಸಿರೆಂದು ಮಾಲೀಕನೊಡನೆ ವರ್ಷಗಟ್ಟಲೆ ಹೋರಾಡಿ ತಂದ ಹಣ ಪೆಟ್ರೋಲ್ ಬಂಕಿನ ಕೊಳವೆಯಲ್ಲಿ ಹರಿದು ಹೋಗುತ್ತದೆ.

ಬೀದಿ ನಿರ್ಭಯವಾಗಿದ್ದರೆ ಈ ಖರ್ಚಿನ ಬಹುಪಾಲು ಬೇಡವಾಗುತ್ತಿತ್ತು. ಆದ್ದರಿಂದ ಇದನ್ನು ನಾವು ಭಯದ ತೆರಿಗೆ ಎಂದು ಕರೆಯುತ್ತೇವೆ. ಈ ತೆರಿಗೆಯನ್ನು ಯಾವ ಶಾಸನಸಭೆಯೂ ಹಾಕಲಿಲ್ಲ, ಯಾವ ಬಜೆಟ್ಟಿನಲ್ಲೂ ಅದರ ಹೆಸರಿಲ್ಲ. ಆದರೂ ತಿಂಗಳು ತಿಂಗಳೂ ವಸೂಲಿಯಾಗುತ್ತಿದೆ, ಅದೂ ಕಡಿಮೆ ಕೂಲಿಯವನಿಂದ. ಸೈಕಲ್ಲಿಗೆ ಒಂದು ನಿರ್ಭಯದ ದಾರಿ ಮಾಡಿಕೊಟ್ಟರೆ ಅದು ಕೂಲಿ ಹೆಚ್ಚಿಸಿದ್ದಕ್ಕೆ ಸಮ. ಈ ಮಾತನ್ನು ನಮ್ಮ ಕಾರ್ಮಿಕ ಸಂಘಗಳು ಚೆನ್ನಾಗಿ ಮನಗಾಣಬೇಕು.

ಕಣ್ಣಿಗೆ ಕಾಣುವ ತೆರಿಗೆಯ ಕತೆಯೂ ಹೀಗೆಯೇ. ಒಂದು ಕಾಲದಲ್ಲಿ ನಮ್ಮ ಪುರಸಭೆಗಳು ಸೈಕಲ್ಲಿಗೂ ತೆರಿಗೆ ಹಾಕಿ ಬಿಲ್ಲೆ ಕಟ್ಟುತ್ತಿದ್ದವು. ಬಿಲ್ಲೆ ಇಲ್ಲದಿದ್ದರೆ ದಂಡ, ರಾತ್ರಿ ದೀಪವಿಲ್ಲದಿದ್ದರೆ ದಂಡ, ಇಬ್ಬರು ಕುಳಿತರೆ ದಂಡ. ಪೋಲೀಸಿನವನು ಚಕ್ರದ ಗಾಳಿ ಬಿಟ್ಟು ಕಳಿಸಿದ ಕತೆಗಳನ್ನು ನಮ್ಮ ಹಿರಿಯರು ಇಂದಿಗೂ ಹೇಳುತ್ತಾರೆ. ಬಿಲ್ಲೆ ಹೋಯಿತು, ಜಿಎಸ್‌ಟಿ ಬಂತು. 2017ರಲ್ಲಿ ಸೈಕಲ್ಲಿನ ಮೇಲೆ ಶೇಕಡಾ 12 ಹಾಕಿದರು. 2019ರಲ್ಲಿ ವಿದ್ಯುತ್ ಕಾರಿನ ಮೇಲಿನ ತೆರಿಗೆಯನ್ನು ಶೇಕಡಾ 5ಕ್ಕೆ ಇಳಿಸಿದರು. ಸೈಕಲ್ಲಿಗೆ ಆ ಭಾಗ್ಯ ದೊರೆತದ್ದು 2025ರ ಸೆಪ್ಟೆಂಬರಿನಲ್ಲಿ. ಆರು ವರ್ಷ ಕಾಲ, ಹೊಗೆಯಿಲ್ಲದ ಕಾರು ಕೊಳ್ಳುವ ಶ್ರೀಮಂತ ಕೊಟ್ಟದ್ದು 5, ಹೊಗೆಯೂ ಇಲ್ಲದ ಶಬ್ದವೂ ಇಲ್ಲದ ಸೈಕಲ್ ಕೊಳ್ಳುವ ಬಡವ ಕೊಟ್ಟದ್ದು 12. ಇದೆಂಥ ನ್ಯಾಯ?

ಮೇಲಿನಿಂದ ಬಂದ ದಾರಿ ಮೇಲಕ್ಕೇ ಹೋಯಿತು

ಸರಕಾರಕ್ಕೆ ಈ ವಿಷಯ ತಿಳಿಯದೆಂದು ಯಾರೂ ತಿಳಿಯಬಾರದು. ಕಾಗದದ ಮೇಲೆ ನಮಗೆ ಯಾವ ಕೊರತೆಯೂ ಇಲ್ಲ. ಸೈಕಲ್ ದಾರಿಯನ್ನು ಹೇಗೆ ಕಟ್ಟಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸು 1962ರಲ್ಲಿಯೇ ನಿಯಮಾವಳಿ ಬರೆದಿಟ್ಟಿತು, 2015ರಲ್ಲಿ ಅದನ್ನು ತಿದ್ದಿ ಹೊಸದು ಮಾಡಿತು. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಸಾರಿತು: ಸಾಗಿಸಬೇಕಾದದ್ದು ಜನರನ್ನು, ವಾಹನಗಳನ್ನಲ್ಲ. 2020ರಲ್ಲಿ ಕೇಂದ್ರ ಸರಕಾರ ನಗರಗಳ ನಡುವೆ ಸೈಕಲ್ ಸ್ಪರ್ಧೆಯನ್ನೇ ಏರ್ಪಡಿಸಿತು. ನಡೆಯುವವರ ಮತ್ತು ಸೈಕಲ್ ಸವಾರರ ಹಕ್ಕಿಗಾಗಿ ಕರ್ನಾಟಕದ ನಗರ ಭೂಸಾರಿಗೆ ನಿರ್ದೇಶನಾಲಯ ಒಂದು ಮಸೂದೆಯ ಕರಡನ್ನು 2022ರ ಹೊತ್ತಿಗೆ ಜನರ ಮುಂದಿಟ್ಟಿತು. ಒಳ್ಳೆಯ ಮಾತುಗಳಿಂದ ರಸ್ತೆ ಅಗಲವಾಗುವಂತಿದ್ದರೆ ನಮ್ಮ ಸೈಕಲ್ ದಾರಿ ಇಷ್ಟು ಹೊತ್ತಿಗೆ ದೆಹಲಿ ಮುಟ್ಟುತ್ತಿತ್ತು.

2006-07ರಿಂದ ನಮ್ಮ ರಾಜ್ಯದ ಸರಕಾರಿ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಹಂಚಿದರು. ಅದು ಒಳ್ಳೆಯ ಕೆಲಸ, ಒಳ್ಳೆಯದೆಂದೇ ಹೇಳುತ್ತೇವೆ. ಹೈಸ್ಕೂಲು ದೂರವೆಂದು ಮನೆಯಲ್ಲೇ ಉಳಿಯುತ್ತಿದ್ದ ಹೆಣ್ಣುಮಕ್ಕಳು ಆ ಸೈಕಲ್ಲಿನಿಂದ ಶಾಲೆ ಕಂಡರು. ಕೋವಿಡ್ ವರ್ಷ ಬಂದಾಗ ಆ ಹಂಚಿಕೆ ನಿಂತಿತು. ಹಂಚುತ್ತಿದ್ದ ಕಾಲದಲ್ಲಾದರೂ ಯಾವ ಮಂತ್ರಿಯಾದರೂ, ಈ ಮಗು ಯಾವ ದಾರಿಯಲ್ಲಿ ಹೋಗುತ್ತದೆ, ಹೆದ್ದಾರಿಯನ್ನು ಎಲ್ಲಿ ದಾಟುತ್ತದೆ ಎಂದು ಕೇಳಿದನೇ? ಈಜು ಕಲಿಸದೆ ಹೊಳೆಗೆ ಇಳಿಸಿದಂತಾಯಿತು.

ಇನ್ನು ಬೆಂಗಳೂರನ್ನು ನೋಡಿರಿ. ಜಯನಗರದಲ್ಲಿ 2010ರ ದಶಕದ ಮೊದಲಲ್ಲಿ ಸೈಕಲ್ಲಿಗೆಂದು ರಸ್ತೆಯ ಬದಿಯಲ್ಲಿ ದಾರಿ ಗುರುತಿಸಿದರು. ಅದರ ಮೇಲೆ ಕಾರುಗಳು ನಿಂತವು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಸೈಕಲ್ ಪಥ ಮಾಡಿದರು. ಅದರೊಳಗೆ ಮೋಟಾರು ಸೈಕಲ್ಲುಗಳು ನುಗ್ಗಿದವು, ಕಂಬಗಳು ಮುರಿದವು, ಕೆಲವೇ ವರ್ಷಗಳಲ್ಲಿ ಸಂಚಾರದ ಒತ್ತಡದ ನೆಪದಲ್ಲಿ ಅದು ಅಳಿಯಿತು.

ಏಕೆ ಹೀಗಾಯಿತು? ದಾರಿ ಕೆಟ್ಟದಾಗಿತ್ತೆಂದೇ? ಅಲ್ಲ. ಆ ದಾರಿಗಾಗಿ ದುಡಿದ ಕೆಲವು ಪ್ರಾಮಾಣಿಕ ನಾಗರಿಕರಿದ್ದರು, ಅವರ ಶ್ರಮವನ್ನು ನಾವು ಕಡಿಮೆ ಮಾಡುವುದಿಲ್ಲ. ಆದರೆ ದಿನನಿತ್ಯ ಹೊಟ್ಟೆಪಾಡಿಗಾಗಿ ಸೈಕಲ್ ತುಳಿಯುವ ಕಾವಲುಗಾರ, ಗಾರೆಯವ, ಗಾರ್ಮೆಂಟ್ಸಿನ ಹುಡುಗ, ಇವರು ಆ ದಾರಿಯ ಒಡೆಯರಾಗಲಿಲ್ಲ. ದಾರಿ ಎಲ್ಲಿ ಬೇಕೆಂದು ಅವರನ್ನು ಕೇಳಿದವರಿಲ್ಲ. ಅದನ್ನು ಕಿತ್ತಾಗ ಬೀದಿಗಿಳಿದು ತಡೆಯಲು ಅವರಿಗೊಂದು ಸಂಘವಿರಲಿಲ್ಲ. ಕಾಪಾಡುವ ಕೈಗಳಿಲ್ಲದ ಹೊಲವನ್ನು ದನ ಮೇಯದೆ ಬಿಡುತ್ತದೆಯೇ?

ಬಾಡಿಗೆ ಸೈಕಲ್ಲುಗಳ ಮಾತೂ ಇದೆ. ಮೈಸೂರಿನಲ್ಲಿ 2017ರಲ್ಲಿ 'ಟ್ರಿಣ್ ಟ್ರಿಣ್' ಎಂಬ ಹೆಸರಿನಲ್ಲಿ 48 ನಿಲ್ದಾಣ, 450 ಸೈಕಲ್ಲುಗಳೊಡನೆ ಸಾರ್ವಜನಿಕ ಸೈಕಲ್ ವ್ಯವಸ್ಥೆ ಆರಂಭವಾಯಿತು. ಪ್ರವಾಸಿಗಳಿಗೆ, ವಿದ್ಯಾರ್ಥಿಗಳಿಗೆ ಅನುಕೂಲವೇ. ಅದಕ್ಕೆ ನಮ್ಮ ವಿರೋಧವಿಲ್ಲ. ಆದರೆ ಗಿರಣಿಯ ಕಾರ್ಮಿಕನ ಮನೆಯಲ್ಲಿ ಸೈಕಲ್ ಆಗಲೇ ಗೋಡೆಗೆ ಒರಗಿ ನಿಂತಿದೆ. ಅವನಿಗೆ ಬೇಕಾದದ್ದು ಸೈಕಲ್ಲಲ್ಲ, ದಾರಿ.

ಕೆಳಗಿನಿಂದ ಎದ್ದ ಕೂಗು

ಮೇಲಿನಿಂದ ಬಂದದ್ದರ ಗತಿ ಕಂಡಾಯಿತು. ಕೆಳಗಿನ ಜನ ತಾವೇ ಎದ್ದರೆ ಏನಾಗುತ್ತದೆ ಎಂಬುದಕ್ಕೆ ಎರಡು ಊರುಗಳ ಕತೆ ಹೇಳುತ್ತೇವೆ. ಒಂದು ನಮ್ಮ ದೇಶದ್ದು, ಒಂದು ಹೊರದೇಶದ್ದು.

ಕೊಲ್ಕತ್ತಾದಲ್ಲಿ 2008ರಿಂದ ಪೋಲೀಸರು ಮುಖ್ಯ ರಸ್ತೆಗಳಲ್ಲಿ ಸೈಕಲ್ಲನ್ನು ನಿಷೇಧಿಸತೊಡಗಿದರು. 2013ರಲ್ಲಿ ಆ ನಿಷೇಧವನ್ನು 174 ರಸ್ತೆಗಳಿಗೆ ಹಬ್ಬಿಸಿದರು. ಸೈಕಲ್ಲಷ್ಟೇ ಅಲ್ಲ, ತಳ್ಳುಗಾಡಿ, ಮೂರು ಚಕ್ರದ ಸರಕಿನ ಗಾಡಿಗಳೂ ನಿಷೇಧಕ್ಕೊಳಗಾದವು. ಅವುಗಳಿಂದ ಮೋಟಾರುಗಳ ವೇಗ ಕುಂದುತ್ತದಂತೆ! ಹಾಲಿನವರು, ಪತ್ರಿಕೆಯವರು, ತರಕಾರಿಯವರು, ಚಿಕ್ಕಪುಟ್ಟ ಅಂಗಡಿಗೆ ಮಾಲು ಮುಟ್ಟಿಸುವವರು ಒಂದೇ ಏಟಿಗೆ ತಮ್ಮ ಊರಿನಲ್ಲೇ ಅಪರಾಧಿಗಳಾದರು. ಕೆಲಸಕ್ಕೆ ಹೋಗುವುದೇ ದಂಡ ತೆರುವ ತಪ್ಪಾಯಿತು.

ಆದರೆ ಕೊಲ್ಕತ್ತಾದ ಜನ ಸುಮ್ಮನೆ ಕುಳಿತುಕೊಳ್ಳಲಿಲ್ಲ. ದುಡಿಯುವವರು, ಬೀದಿ ವ್ಯಾಪಾರಿಗಳು, ಪರಿಸರದ ಬಗ್ಗೆ ಕಾಳಜಿಯುಳ್ಳವರು ಕೂಡಿ ಸೈಕಲ್ ತಳ್ಳಿಕೊಂಡು ಮೆರವಣಿಗೆ ಹೋದರು, ಸತ್ಯಾಗ್ರಹ ಮಾಡಿದರು, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ಕಡೆಗೆ ನಿಷೇಧಿತ ರಸ್ತೆಗಳ ಸಂಖ್ಯೆ 174ರಿಂದ 62ಕ್ಕೆ ಇಳಿಯಿತು. ಪೂರ್ಣ ಗೆಲುವಲ್ಲ, ಒಪ್ಪೋಣ. ಆದರೆ ನೂರಕ್ಕೂ ಹೆಚ್ಚು ರಸ್ತೆಗಳು ಮರಳಿ ಸಿಕ್ಕಿದ್ದು ಯಾರ ಕೃಪೆಯಿಂದ? 2020ರ ಲಾಕ್‌ಡೌನಿನ ನಂತರ ಬಸ್ಸು ರೈಲುಗಳಿಲ್ಲದೆ ನಗರ ಕಂಗೆಟ್ಟಾಗ ಅದೇ ಸರಕಾರ ಸೈಕಲ್ಲಿಗೆ ಇನ್ನಷ್ಟು ದಾರಿ ಬಿಟ್ಟುಕೊಟ್ಟಿತು. ಆಪತ್ತಿನಲ್ಲಿ ಬೇಕಾದವನು ಸಂಪತ್ತಿನಲ್ಲಿ ಏಕೆ ಬೇಡ?

ಇನ್ನೊಂದು ಕತೆ ಹಾಲೆಂಡಿನದು. ಇಂದು ಅದನ್ನು ಸೈಕಲ್ಲಿನ ಸ್ವರ್ಗವೆಂದು ಹೊಗಳುತ್ತಾರೆ, ಆ ಜನರ ರಕ್ತದಲ್ಲೇ ಸೈಕಲ್ ಇದೆ ಎನ್ನುತ್ತಾರೆ. ಶುದ್ಧ ಸುಳ್ಳು. ಎರಡನೆಯ ಮಹಾಯುದ್ಧದ ನಂತರ ಅಲ್ಲಿಯೂ ಕಾರುಗಳು ಬೀದಿಯನ್ನು ನುಂಗಿದವು, ಸೈಕಲ್ಲು ಮೂಲೆಗುಂಪಾಯಿತು. 1971ರ ಒಂದೇ ವರ್ಷದಲ್ಲಿ ಆ ಚಿಕ್ಕ ದೇಶದಲ್ಲಿ ಸುಮಾರು 3,300 ಜನ ರಸ್ತೆಯಲ್ಲಿ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗನ್‌ಹಾಫ್ 1972ರಲ್ಲಿ ಬರೆದ ಲೇಖನದ ತಲೆಬರಹವೇ ಒಂದು ಚಳುವಳಿಯ ಹೆಸರಾಯಿತು: 'ಮಕ್ಕಳ ಕೊಲೆ ನಿಲ್ಲಿಸಿ'. ತಾಯಂದಿರು ಮಕ್ಕಳನ್ನು ಕರೆದುಕೊಂಡು ಬೀದಿಯಲ್ಲಿ ಕುಳಿತರು, ಅಪಘಾತದ ಜಾಗಗಳಲ್ಲಿ ರಸ್ತೆ ತಡೆದರು. 1975ರಲ್ಲಿ ಸೈಕಲ್ ಸವಾರರು ತಮ್ಮದೇ ಒಂದು ಸಂಘ ಕಟ್ಟಿದರು. ಯಾವ ಬೀದಿ ಅಪಾಯದ್ದೆಂದು ತಾವೇ ನಕ್ಷೆ ಬರೆದು ಪುರಸಭೆಯ ಮುಂದಿಟ್ಟರು. ಈಚಿನ ವರ್ಷಗಳಲ್ಲಿ ಆ ದೇಶದ ರಸ್ತೆ ಸಾವುಗಳು 700ರ ಆಸುಪಾಸಿಗೆ ಇಳಿದಿವೆ. ಅಲ್ಲಿನ ಸೈಕಲ್ ದಾರಿ ದೇವರು ಕೊಟ್ಟದ್ದಲ್ಲ, ರಾಜ ಕೊಟ್ಟದ್ದಲ್ಲ. ಜನ ಕೇಳಿ ಪಡೆದದ್ದು, ಪಡೆದು ಕಾಪಾಡಿಕೊಂಡದ್ದು.

ಅಳದ ಕೂಸಿಗೆ ಹಾಲಿಲ್ಲ ಎಂಬ ಗಾದೆ ಎಲ್ಲ ದೇಶಗಳಿಗೂ ಒಂದೇ.

ಅಂಗಡಿಕಾರ ಬಂಧುಗಳಿಗೆ

ಈಗ ನಮ್ಮ ಚಿಕ್ಕ ವ್ಯಾಪಾರಿ ಬಂಧುಗಳೊಡನೆ ಎರಡು ಮಾತು. "ಅಂಗಡಿಯ ಮುಂದೆ ಗಾಡಿ ನಿಲ್ಲದಂತೆ ಮಾಡಿದರೆ ಗಿರಾಕಿ ಬರುವುದಿಲ್ಲ, ನಮ್ಮ ಹೊಟ್ಟೆಯ ಮೇಲೆ ಹೊಡೆಯಬೇಡಿ" ಎಂದು ನೀವು ಹೇಳುತ್ತೀರಿ. ನಿಮ್ಮ ಭಯ ನಮಗೆ ಅರ್ಥವಾಗುತ್ತದೆ. ಹಾಲೆಂಡಿನ ಹೇಗ್ ನಗರದಲ್ಲೂ 1970ರ ದಶಕದಲ್ಲಿ ಅಂಗಡಿಕಾರರು ಇದೇ ಭಯದಿಂದ ಸೈಕಲ್ ದಾರಿಯನ್ನು ವಿರೋಧಿಸಿದ್ದರು.

ಆದರೆ ನಿಮ್ಮ ಅಂಗಡಿಯ ಮುಂದೆ ಬೆಳಗಿನಿಂದ ಸಂಜೆಯವರೆಗೆ ನಿಂತಿರುವ ಕಾರು ಯಾರದೆಂದು ಒಮ್ಮೆ ನೋಡಿರಿ. ಅದು ಗಿರಾಕಿಯದೇ? ಎಷ್ಟೋ ವೇಳೆ ಅದು ಪಕ್ಕದ ಕಚೇರಿಗೆ ಬಂದವರದು, ಮೇಲಿನ ಮಹಡಿಯವರದು, ಕೆಲವು ಸಲ ಅಂಗಡಿಯ ಯಜಮಾನರದೇ. ಒಂದು ಕಾರು ನಿಲ್ಲುವ ಜಾಗದಲ್ಲಿ ಹತ್ತು ಸೈಕಲ್ ನಿಲ್ಲುತ್ತವೆ. ಹತ್ತು ಸೈಕಲ್ಲೆಂದರೆ ಹತ್ತು ಗಿರಾಕಿ. ಕಾರಿನವನು ವಾರಕ್ಕೊಮ್ಮೆ ದೊಡ್ಡ ಮಾಲಿಗೆ ಹೋಗಿ ಡಿಕ್ಕಿ ತುಂಬಿಸಿಕೊಂಡು ಬರುತ್ತಾನೆ. ಕಾಲು ಕೆಜಿ ಸಕ್ಕರೆ, ಅರ್ಧ ಲೀಟರು ಎಣ್ಣೆ, ಮಗುವಿಗೊಂದು ಪೆನ್ಸಿಲು ಎಂದು ದಿನವೂ ನಿಮ್ಮ ಕಟ್ಟೆಯ ಮುಂದೆ ಕಾಲೂರುವವನು ಸೈಕಲ್ಲಿನವನು. ಅವನನ್ನು ಬೀದಿಯಿಂದ ಓಡಿಸಿದರೆ ಮೊದಲು ಮುಚ್ಚುವ ಬಾಗಿಲು ನಿಮ್ಮದೇ. ಅವನ ದಾರಿಗೂ ನಿಮ್ಮ ಗಲ್ಲಾಪೆಟ್ಟಿಗೆಗೂ ಜಗಳವಿಲ್ಲ, ನೆಂಟಸ್ತನವಿದೆ.

"ನಮ್ಮ ಬೀದಿಗಳು ಇಕ್ಕಟ್ಟು, ಜಾಗವೆಲ್ಲಿ?" ಎಂಬುದು ಇನ್ನೊಂದು ಆಕ್ಷೇಪ. ಇಕ್ಕಟ್ಟಿನ ಬೀದಿಯಲ್ಲಿ ಗೋಡೆ ಕಟ್ಟಿರೆಂದು ನಾವು ಕೇಳುತ್ತಿಲ್ಲ. ಅಲ್ಲಿ ವೇಗ ತಗ್ಗಿಸಿರಿ, ಸಾಕು. ಕಾರು ಗಂಟೆಗೆ 50 ಕಿಲೋಮೀಟರಿನಲ್ಲಿ ಬಡಿದರೆ ಉಳಿಯುವುದು ಕಷ್ಟ, 30ರಲ್ಲಿ ಬಡಿದರೆ ಬಹುಮಂದಿ ಬದುಕುತ್ತಾರೆ. ನಡೆಯುವವರೂ ಸೈಕಲ್ಲುಗಳೂ ಮೋಟಾರುಗಳೂ ಬೆರೆಯುವ ಬೀದಿಗಳಲ್ಲಿ ವೇಗ 30 ಮೀರಬಾರದೆಂದು 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ಜಾಗತಿಕ ರಸ್ತೆ ಸುರಕ್ಷತಾ ಸಮ್ಮೇಳನ ಘೋಷಿಸಿತು. ಮಂಡಿಪೇಟೆಯಲ್ಲಿ, ಅಶೋಕ ರಸ್ತೆಯಲ್ಲಿ 30 ಮೀರಿ ಓಡಿಸಬೇಕಾದ ರಾಜಕಾರ್ಯ ಯಾರಿಗಿದೆ? ಪ್ರತ್ಯೇಕ ದಾರಿ ಬೇಕಾದದ್ದು ಹಳೆಯ ಪೂನಾ-ಬೆಂಗಳೂರು ರಸ್ತೆಯಂಥ ಅಗಲದ, ವೇಗದ ರಸ್ತೆಗಳಲ್ಲಿ. ಅಲ್ಲಿ ಜಾಗವಿಲ್ಲವೆಂಬ ನೆಪ ನಡೆಯದು.

ನಮ್ಮ ಕೇಳಿಕೆ

2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯಲ್ಲೇ ದಾವಣಗೆರೆಯ ಹೆಸರು ಬಂದಿತ್ತು. 2025ರ ಮಾರ್ಚಿಗೆ ಆ ಯೋಜನೆ ಮುಗಿಯಿತು. ಜಾಣ ನಗರವೆಂದರೆ ಜಾಣ ಕಂಬಗಳಿರುವ ನಗರವಲ್ಲ, ಗಿರಣಿಯಿಂದ ಹೊರಟ ಮನುಷ್ಯ ಜೀವಸಹಿತ ಮನೆ ಮುಟ್ಟುವ ನಗರ. ಊರಿನ ಒಂದು ತುದಿಯಿಂದ ಇನ್ನೊಂದಕ್ಕೆ ಅರ್ಧ ಗಂಟೆ ಮುಕ್ಕಾಲು ಗಂಟೆಯಲ್ಲಿ ಸೈಕಲ್ಲಿನಲ್ಲಿ ಮುಟ್ಟಬಹುದು. ಏರಿಲ್ಲ, ಇಳಿಜಾರಿಲ್ಲ, ಸಮತಟ್ಟಾದ ಬಯಲು. ಸೈಕಲ್ಲಿಗೆ ಇದಕ್ಕಿಂತ ಒಳ್ಳೆಯ ಊರು ಬೇಕೆ? ಆದ್ದರಿಂದ ಮಹಾನಗರ ಪಾಲಿಕೆಯ ಮುಂದೆ ನಮ್ಮ ಕೇಳಿಕೆಗಳು ಇವು:

1. ಗಿರಣಿ, ಮಂಡಿ, ಮಾರುಕಟ್ಟೆ, ಹೈಸ್ಕೂಲು, ದೊಡ್ಡಾಸ್ಪತ್ರೆಗಳನ್ನು ದುಡಿಯುವವರ ಬಡಾವಣೆಗಳೊಡನೆ ಜೋಡಿಸುವ ಅಗಲದ ರಸ್ತೆಗಳಲ್ಲಿ ಸೈಕಲ್ಲಿಗೆ ಕಲ್ಲಿನ ಅಂಚು ಕಟ್ಟಿದ ಪ್ರತ್ಯೇಕ ದಾರಿ. ಬರಿಯ ಬಣ್ಣದ ಗೆರೆ ಸಾಲದು. ಬಣ್ಣ ಮಳೆಗೆ ಹೋಗುತ್ತದೆ, ಕಾರಿಗೆ ಅಂಜುವುದಿಲ್ಲ.

2. ಪೇಟೆಬೀದಿಗಳಲ್ಲೂ ಶಾಲೆಗಳ ಸುತ್ತಲೂ ಗಂಟೆಗೆ 30 ಕಿಲೋಮೀಟರಿನ ಮಿತಿ, ಅದನ್ನು ಜಾರಿಗೆ ತರುವ ಉಬ್ಬು ಮತ್ತು ಪೋಲೀಸು.

3. ಗಿರಣಿ, ಮಾರುಕಟ್ಟೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಬಳಿ ಬಾಡಿಗೆಯಿಲ್ಲದ, ನೆರಳಿರುವ, ಬೀಗ ಹಾಕಲು ಕಂಬಿ ಇರುವ ಸೈಕಲ್ ನಿಲ್ದಾಣ. ಕಾರಿಗೆ ಬೀದಿಯಲ್ಲಿ ಪುಕ್ಕಟೆ ಜಾಗ, ಸೈಕಲ್ಲಿಗೆ ಮಾತ್ರ ಚೀಟಿ ಹರಿಯುವ ಪದ್ಧತಿ ಕೊನೆಗೊಳ್ಳಲಿ.

4. ರಾತ್ರಿ ಪಾಳಿಯವರು ಓಡಾಡುವ ದಾರಿಗಳಲ್ಲಿ ಬೀದಿದೀಪ. ಹೆಣ್ಣುಮಕ್ಕಳು ಸಂಜೆಯ ಮೇಲೂ ಹೆದರದೆ ಹೋಗುವಂತಿರಬೇಕು.

5. ದಾರಿಯ ಯೋಜನೆ ಮಾಡುವ ಸಮಿತಿಯಲ್ಲಿ ದುಡಿಯುವ ಸೈಕಲ್ ಸವಾರರಿಗೂ ಚಿಕ್ಕ ವ್ಯಾಪಾರಿಗಳಿಗೂ ಸ್ಥಾನ. ಇದೇನೂ ಹೊಸ ಮಾತಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಆರಿಸಿದ ಪ್ರತಿನಿಧಿಗಳಿರಬೇಕು. ವ್ಯಾಪಾರಿಗೆ ಸಂದ ನ್ಯಾಯ ಸವಾರನಿಗೆ ಏಕೆ ಸಲ್ಲಬಾರದು?

ಮಾಡಬೇಕಾದದ್ದು

ಕೇಳಿಕೆಯ ಪಟ್ಟಿ ಬರೆದು ಮನೆಗೆ ಹೋದರೆ ಅದು ಕಡತದಲ್ಲಿ ಮಲಗುತ್ತದೆ. ಆದ್ದರಿಂದ ಮೊದಲ ಕೆಲಸ ಎಣಿಕೆ. ಪಾಳಿ ಬದಲಾಗುವ ಹೊತ್ತಿನಲ್ಲಿ ಪ್ರತಿ ಮುಖ್ಯ ವೃತ್ತದಲ್ಲಿ ಇಬ್ಬರು ನಿಂತು, ಗಂಟೆಗೆ ಎಷ್ಟು ಸೈಕಲ್, ಎಷ್ಟು ಕಾರು, ಕಾರೊಂದರಲ್ಲಿ ಎಷ್ಟು ಜನ ಎಂದು ಎಣಿಸಿ ಬರೆಯಲಿ. ಇದಕ್ಕೆ ಎಂಜಿನಿಯರ್ ಬೇಡ, ಕಾಗದ ಪೆನ್ಸಿಲು ಸಾಕು. ನಮ್ಮನ್ನು ಎಣಿಸದವರು ನಮ್ಮನ್ನು ಗಣಿಸುವುದೂ ಇಲ್ಲ. ಎರಡನೆಯದು, ಬಿದ್ದ ಜಾಗ, ಸತ್ತ ಜಾಗಗಳ ನಕ್ಷೆ. ಅದನ್ನು ನಿಮ್ಮಷ್ಟು ಚೆನ್ನಾಗಿ ಬಲ್ಲವರು ಪಾಲಿಕೆಯಲ್ಲಿ ಯಾರೂ ಇಲ್ಲ. ಮೂರನೆಯದು, 2005ರ ಮಾಹಿತಿ ಹಕ್ಕಿನ ಕಾಯಿದೆಯಡಿ ಪ್ರಶ್ನೆ: ರಸ್ತೆಗೆ ಸುರಿದ ಹಣದಲ್ಲಿ ಸೈಕಲ್ ಸವಾರರಿಗೂ ಪಾದಚಾರಿಗಳಿಗೂ ಸಂದದ್ದು ಎಷ್ಟು? ನಾಲ್ಕನೆಯದು, ಕಾರ್ಮಿಕ ಸಂಘಗಳು ಮಾಲೀಕರ ಮುಂದಿಡುವ ಬೇಡಿಕೆ ಪಟ್ಟಿಯಲ್ಲಿ ಸೈಕಲ್ ನಿಲ್ದಾಣವನ್ನೂ ಸೈಕಲ್ ಕೊಳ್ಳಲು ಬಡ್ಡಿಯಿಲ್ಲದ ಮುಂಗಡವನ್ನೂ ಸೇರಿಸಲಿ.

ಭಾನುವಾರದ ಸವಾರರನ್ನು ದೂರವಿಡಬೇಕೆಂದು ನಾವು ಹೇಳುವುದಿಲ್ಲ. ಡಾಕ್ಟರರು, ಮೇಷ್ಟರು, ವಿದ್ಯಾರ್ಥಿಗಳು ಜೊತೆಗೆ ಬರಲಿ, ಸ್ವಾಗತ. ಅವರಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆಯಲು ಬರುತ್ತದೆ, ನಮಗೆ ಸಂಖ್ಯೆ ಇದೆ. ಎರಡೂ ಬೇಕು. ಆದರೆ ಮುಂದಾಳ್ತನ ದಿನವೂ ತುಳಿಯುವವನ ಕೈಯಲ್ಲಿರಲಿ.

ದುಡಿಯುವವರ ಸಂಘಟನೆಗೂ ಸೈಕಲ್ಲಿಗೂ ಹಳೆಯ ನಂಟು. ಇಂಗ್ಲೆಂಡಿನ ಸಮಾಜವಾದಿ ವಾರಪತ್ರಿಕೆ 'ಕ್ಲಾರಿಯನ್' ಹೆಸರಿನಲ್ಲಿ 1894ರಲ್ಲಿ ಬರ್ಮಿಂಗ್‌ಹ್ಯಾಮಿನ ಯುವಕರು ಸೈಕಲ್ ಸಂಘ ಕಟ್ಟಿ, ಊರೂರಿಗೆ ತುಳಿದು ಹೋಗಿ ಪತ್ರಿಕೆ ಹಂಚಿದರು. ಜರ್ಮನಿಯ ಕಾರ್ಮಿಕರು 1896ರಲ್ಲಿ 'ಸಾಲಿಡಾರಿಟಾಟ್' ಎಂಬ ಸೈಕಲ್ ಒಕ್ಕೂಟ ಸ್ಥಾಪಿಸಿದರು. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದ ಕೂಡಲೆ ಅದನ್ನು ಮುಚ್ಚಿಸಿದರು. ಸೈಕಲ್ ತುಳಿಯುವವರು ಒಗ್ಗೂಡಿದರೆ ಯಾರಿಗೆ ಭಯ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಬೇಕೆ?

ಗಿರಣಿಯ ಬಂಧುಗಳೇ, ಪೇಟೆಯ ಬಂಧುಗಳೇ! ಎಂಟು ಗಂಟೆಯ ದುಡಿಮೆಯನ್ನು, ವಾರದ ರಜೆಯನ್ನು, ಬೋನಸ್ಸನ್ನು ನಮಗೆ ಯಾರೂ ಹರಿವಾಣದಲ್ಲಿಟ್ಟು ಕೊಡಲಿಲ್ಲ. ಬೀದಿಯನ್ನೂ ಕೊಡುವುದಿಲ್ಲ. ಮುಂದಿನ ಸಲ ಮತ ಕೇಳಲು ಬಾಗಿಲಿಗೆ ಬಂದವರನ್ನು ಕೂರಿಸಿ, ನೀರು ಕೊಟ್ಟು, ಒಂದೇ ಪ್ರಶ್ನೆ ಕೇಳಿರಿ: "ಸ್ವಾಮಿ, ನಮ್ಮ ಸೈಕಲ್ಲಿಗೆ ದಾರಿ ಎಲ್ಲಿ?" ಉತ್ತರ ಕೊಡದವರನ್ನು ಅವರ ಕಾರಿನವರೆಗೆ ಬೀಳ್ಕೊಟ್ಟು ಬನ್ನಿರಿ. ಮತ ಬೇರೆಯವರಿಗೆ ಕೊಡಿರಿ.